ಊಟ ಬಡಿಸುವುದು, ಹೆಪ್ಪು ಕೊಡುವುದು

(ಹೈದರಾಬಾದಿನ ನಮ್ಮ ಸಂಘದ ಮಹಿಳಾ ವಿಭಾಗದ ವಾರ್ಷಿಕ ಸಭೆಯಲ್ಲಿ ‘ಮುಕ್ತ ಶಿಕ್ಷಣ ಮತ್ತು ಜ್ಞಾನದ ಹಂಚಿಕೆ’ ಎಂಬ ವಿಷಯದ ಮೇಲೆ ಆಡಿದ ಮಾತುಗಳ ಬರಹರೂಪ)



ನಾನು ಓದಿದ್ದು ಎಂ.ಟೆಕ್., ಮಾಡುವುದು ಸಾಫ್ಟ್‌ವೇರ್ ಕೆಲಸ. ಭಾಷಣ ಮಾಡಿ ಅಭ್ಯಾಸವಿಲ್ಲ. ಆದರೆ ಈ ವಿಷಯ ಕೊಟ್ಟಾಗ ಬೇಡವೆನ್ನಲು ಆಗಲಿಲ್ಲ, ಏಕೆಂದರೆ ಇದರ ಬಗ್ಗೆ ನಿಮ್ಮ ಮುಂದೆ ನಾನು ಒಂದು ತಪ್ಪನ್ನು ಒಪ್ಪಿಕೊಳ್ಳಬೇಕಿದೆ. ಅದು ಏನೆಂದು ನಡುವೆ ಹೇಳುತ್ತೇನೆ.

‘ಮುಕ್ತ’ ಎಂಬ ಮಾತು ನಮ್ಮ ಈ ಊರಿಗೆ ಹೊಸದಲ್ಲ. ದೇಶದ ಮೊದಲ ಮುಕ್ತ ವಿಶ್ವವಿದ್ಯಾಲಯ 1982ರಲ್ಲಿ ಶುರುವಾದದ್ದು ಹೈದರಾಬಾದಿನಲ್ಲೇ. ಇಂದು ಅದಕ್ಕೆ ಡಾ. ಬಿ.ಆರ್. ಅಂಬೇಡ್ಕರ್ ಅವರ ಹೆಸರಿದೆ. ದೆಹಲಿಯ ಇಗ್ನೋ ಬಂದದ್ದು ಅದಾದ ಮೂರು ವರ್ಷಕ್ಕೆ. ಅಲ್ಲಿ ಮುಕ್ತ ಎಂದರೆ ಬಾಗಿಲು ತೆರೆದಿದೆ ಎಂದರ್ಥ. ಮದುವೆಯಾಗಿ ಓದು ಅರ್ಧಕ್ಕೆ ಬಿಟ್ಟವರು, ಕೆಲಸಕ್ಕೆ ಹೋಗುವವರು, ಊರು ಬಿಟ್ಟು ಬರಲಾಗದವರು ಯಾರು ಬೇಕಾದರೂ ಓದಬಹುದು. ಇಲ್ಲಿ ಕುಳಿತಿರುವವರಲ್ಲೇ ಕೆಲವರು ಹಾಗೆ ಪದವಿ ಪಡೆದಿದ್ದೀರಿ. ಅದು ದೊಡ್ಡ ಕೆಲಸ.

2001ರಲ್ಲಿ ಅಮೆರಿಕದ ಎಂಐಟಿ ತನ್ನ ಕೋರ್ಸುಗಳ ಪಾಠಸಾಮಗ್ರಿಯನ್ನು ಅಂತರಜಾಲದಲ್ಲಿ ಎಲ್ಲರಿಗೂ ಇಡುತ್ತೇನೆ ಎಂದು ಘೋಷಿಸಿತು. ಮರುವರ್ಷ ಯುನೆಸ್ಕೋ ಸಭೆಯೊಂದರಲ್ಲಿ ಇಂಥವಕ್ಕೆ ‘ಮುಕ್ತ ಶೈಕ್ಷಣಿಕ ಸಂಪನ್ಮೂಲ’ ಎಂಬ ಹೆಸರು ಬಂತು. ನಮ್ಮಲ್ಲಿ ಐಐಟಿಗಳು ಮತ್ತು ಐಐಎಸ್‌ಸಿ ಸೇರಿ 2003ರಲ್ಲಿ ಎನ್‌ಪಿಟಿಇಎಲ್ ಆರಂಭಿಸಿದವು. ಜಿಲ್ಲಾ ಕೇಂದ್ರದ ಕಾಲೇಜಿನಲ್ಲಿ ಓದುತ್ತಿದ್ದ ನಾವು ಆ ವಿಡಿಯೋಗಳನ್ನು ಹಾಸ್ಟೆಲಿನಲ್ಲಿ ಒಬ್ಬರ ಹಾರ್ಡ್‌ಡಿಸ್ಕಿನಿಂದ ಇನ್ನೊಬ್ಬರಿಗೆ ಹಾಕಿಕೊಂಡು ನೋಡಿದೆವು. ನನ್ನ ಎಂ.ಟೆಕ್. ಪ್ರವೇಶದಲ್ಲಿ ಅವಕ್ಕೂ ಒಂದು ಪಾಲಿದೆ.

ಆಗ ನಾನು ತಿಳಿದದ್ದು ಇಷ್ಟೇ: ದುಡ್ಡು ಕೊಡದೆ ಸಿಕ್ಕಿದರೆ ಮುಕ್ತ. ಹಾಗಲ್ಲ ಎಂದು ಕಲಿತದ್ದು ನಮ್ಮ ಭಾನುವಾರದ ಕನ್ನಡ ತರಗತಿಯಲ್ಲಿ.

ನಿಮಗೆಲ್ಲ ಗೊತ್ತು, ತರಗತಿ ಶುರುವಾದಾಗ ಹದಿನಾಲ್ಕು ಮಕ್ಕಳು. ಮನೆಯಲ್ಲಿ ಕನ್ನಡ ಮಾತಾಡುತ್ತಾರೆ, ಓದಲು ಬರುವುದಿಲ್ಲ. ಆದರೆ ಶಾಲೆಯಲ್ಲಿ ತೆಲುಗು ಕಲಿಯುತ್ತಾರೆ. ಕನ್ನಡ, ತೆಲುಗು ಲಿಪಿಗಳು ಒಂದೇ ಬಳ್ಳಿಯ ಕಾಯಿಗಳು. ತಲೆಕಟ್ಟು ಬೇರೆ, ಕ, ತ, ಶ ಮುಂತಾದ ಕೆಲವು ಅಕ್ಷರಗಳು ಬೇರೆ. ಉಳಿದದ್ದರಲ್ಲಿ ಬಹುಪಾಲನ್ನು ಮಗು ಊಹಿಸಿಯೇ ಓದುತ್ತದೆ. ಅಂಥ ಮಗುವಿಗೆ ‘ಅ ಅರಸ, ಆ ಆನೆ’ ಎಂದು ಮೊದಲಿನಿಂದ ಹೇಳಿದರೆ ಎರಡನೇ ವಾರಕ್ಕೇ ತರಗತಿಗೆ ಬರುವುದಿಲ್ಲ. ಗೊತ್ತಿರುವುದನ್ನು ಬಿಟ್ಟು, ಗೊತ್ತಿಲ್ಲದ ಅಕ್ಷರಗಳಿಂದ ಶುರು ಮಾಡುವ ಪಾಠ ನಮಗೆ ಬೇಕಿತ್ತು.

ಹುಡುಕಿದಾಗ ‘ಉಚಿತ ಡೌನ್‌ಲೋಡ್’ ಎಂದಿದ್ದ ಒಂದು ಒಳ್ಳೆಯ ಕನ್ನಡ ಕಲಿಕೆಯ ಪುಸ್ತಕ ಸಿಕ್ಕಿತು. ಅದರ ಪಾಠಗಳನ್ನು ಹಿಂದುಮುಂದು ಮಾಡಿ, ಪಕ್ಕದಲ್ಲಿ ತೆಲುಗು ಅಕ್ಷರ ಹಾಕಿಕೊಂಡರೆ ಸಾಕಾಗಿತ್ತು. ಆದರೆ ಪುಟಗಳೆಲ್ಲ ಸ್ಕ್ಯಾನ್ ಮಾಡಿದ ಚಿತ್ರಗಳು, ಒಂದು ಅಕ್ಷರವನ್ನೂ ಎತ್ತಿಕೊಳ್ಳಲಾಗದು. ಒಳಪುಟದಲ್ಲಿ ‘ಅನುಮತಿಯಿಲ್ಲದೆ ಯಾವ ಭಾಗವನ್ನೂ ಬದಲಿಸಿ ಬಳಸಕೂಡದು’ ಎಂಬ ಸಾಲು. ಅನುಮತಿ ಕೇಳಿ ಮೂರು ಸಲ ಬರೆದೆ. ಉತ್ತರ ಬರಲಿಲ್ಲ. ದುಡ್ಡು ಕೇಳಿರಲಿಲ್ಲ, ನಿಜ. ಆದರೆ ಆ ಪುಸ್ತಕ ನಮ್ಮ ಕೈಗೆ ಬಂದೂ ಬಂದಿರಲಿಲ್ಲ.

ಕೊನೆಗೆ ಐದು ಜನ ಹೆಂಗಸರು ಕುಳಿತು ನಮ್ಮದೇ ಪಾಠ ಬರೆದೆವು. ಕುಕ್ಕರ್ ಕೂಗುವ ಹೊತ್ತಿನಲ್ಲಿ, ಆಫೀಸಿನ ಕ್ಯಾಬಿನಲ್ಲಿ, ಮಕ್ಕಳು ಮಲಗಿದ ಮೇಲೆ, ಹೀಗೆ ಎರಡು ವರ್ಷ ಹಿಡಿಯಿತು. ಒಟ್ಟು 32 ಪಾಠಗಳು.

ಈಗ ನನ್ನ ತಪ್ಪಿಗೆ ಬರುತ್ತೇನೆ. ಹೋದ ವರ್ಷ ಪುಣೆಯ ಕನ್ನಡಿಗ ಗೆಳತಿಯರ ಗುಂಪೊಂದು ನಮ್ಮ ಪಾಠಗಳ ವಿಷಯ ಕೇಳಿ ಫೋನ್ ಮಾಡಿತು. “ಪಿಡಿಎಫ್ ಬೇಡ, ತಿದ್ದಲು ಬರುವ ಫೈಲೇ ಕೊಡಿ. ನಮ್ಮ ಮಕ್ಕಳಿಗೆ ತೆಲುಗು ಬರೋದಿಲ್ಲ, ಮರಾಠಿ ಬರುತ್ತೆ. ಅದಕ್ಕೆ ತಕ್ಕ ಹಾಗೆ ಬದಲಾಯಿಸಿಕೊಳ್ತೀವಿ” ಎಂದರು. ನಮ್ಮ ಸಭೆಯಲ್ಲಿ ಮೊದಲು ಬಾಯಿ ತೆರೆದವಳು ನಾನೇ. “ಎರಡು ವರ್ಷ ನಿದ್ದೆಗೆಟ್ಟು ಮಾಡಿದ್ದು. ಪಿಡಿಎಫ್ ಕೊಟ್ಟರೆ ಸಾಕು. ಬದಲಾಯಿಸಿ ಹಾಳು ಮಾಡಿಬಿಟ್ಟರೆ?” ಎಂದೆ.

ಹಗಲಿಡೀ ಮುಕ್ತ ತಂತ್ರಾಂಶಗಳ ಮೇಲೆ ಕೆಲಸ ಮಾಡಿ ಸಂಬಳ ತೆಗೆದುಕೊಳ್ಳುವವಳು ನಾನು. ಯಾರೋ ಬರೆದು ಲೋಕಕ್ಕೆ ಬಿಟ್ಟ ಲಿನಕ್ಸ್ ಇಲ್ಲದಿದ್ದರೆ ನನ್ನ ಕಂಪ್ಯೂಟರ್ ಏಳುವುದಿಲ್ಲ. ಆದರೂ ನನ್ನ ಪಾಠ ಎಂದ ಕೂಡಲೇ ಕೈ ಮುಷ್ಟಿಯಾಯಿತು. ನನ್ನ ಮೂರು ಪತ್ರಗಳಿಗೆ ಉತ್ತರ ಕೊಡದವರ ಮೇಲೆ ಸಿಟ್ಟಾಗಿದ್ದವಳು, ಈಗ ಅವರ ಕುರ್ಚಿಯಲ್ಲೇ ಕುಳಿತಿದ್ದೆ.

ನಮ್ಮ ಗುಂಪಿನಲ್ಲಿ ನಿವೃತ್ತ ಮೇಷ್ಟ್ರಮ್ಮ ಒಬ್ಬರಿದ್ದಾರೆ. ಅವರು ನಗುತ್ತಾ, “ಏನಮ್ಮಾ, ಪಕ್ಕದ ಮನೆಯವಳು ಬಟ್ಟಲು ಹಿಡಿದು ಹೆಪ್ಪು ಕೇಳಿದರೆ ಮೊಸರನ್ನ ಕಲಸಿ ಕೊಟ್ಟು ಕಳಿಸ್ತೀಯಾ?” ಎಂದು ಕೇಳಿದರು. ನಾನು ಸುಮ್ಮನಾದೆ.

ಅಂದಿನಿಂದ ‘ಮುಕ್ತ’ ಎಂಬ ಮಾತನ್ನು ನಾನು ಹೀಗೆಯೇ ಅರ್ಥ ಮಾಡಿಕೊಳ್ಳುತ್ತೇನೆ. ಮೊಸರನ್ನ ಉಚಿತ. ಹೊಟ್ಟೆ ತುಂಬುತ್ತದೆ, ಅಲ್ಲಿಗೆ ಮುಗಿಯಿತು. ಹೆಪ್ಪು ಮುಕ್ತ. ತೆಗೆದುಕೊಂಡವಳು ತನ್ನ ಮನೆಯ ಹಾಲಿಗೆ ಹಾಕುತ್ತಾಳೆ. ಅವಳ ಹಾಲು ಎಮ್ಮೆಯದಿರಬಹುದು, ಪ್ಯಾಕೆಟ್ಟಿನದಿರಬಹುದು, ಮೊಸರಿನ ರುಚಿ ನಮ್ಮದರಂತೆ ಇರಬೇಕಾಗಿಲ್ಲ. ನಾಳೆ ಅವಳು ಮತ್ತೊಬ್ಬಳಿಗೆ ಕೊಡುತ್ತಾಳೆ. ಒಂದು ದಿನ ನಮ್ಮ ಮನೆಯಲ್ಲೇ ಮೊಸರು ಮುಗಿದಾಗ ಅವಳ ಮನೆಯಿಂದ ತರುತ್ತೇವೆ.

ಈ ಕ್ಷೇತ್ರದ ತಜ್ಞರಾದ ಡೇವಿಡ್ ವೈಲಿ ಇದನ್ನೇ ಐದು ಹಕ್ಕುಗಳಾಗಿ ಹೇಳುತ್ತಾರೆ. ನಮ್ಮ ಬಳಿ ಇಟ್ಟುಕೊಳ್ಳುವುದು, ಬೇಕಾದಲ್ಲಿ ಬಳಸುವುದು, ತಿದ್ದುವುದು, ಇನ್ನೊಂದರ ಜೊತೆ ಬೆರೆಸುವುದು, ಮತ್ತೊಬ್ಬರಿಗೆ ಹಂಚುವುದು. ಈ ಐದೂ ಇದ್ದರೆ ಮುಕ್ತ. ನೋಡಬಹುದು, ಆದರೆ ಮುಟ್ಟಬಾರದು ಎಂದಿದ್ದರೆ ಅದು ಉಚಿತ ಮಾತ್ರ. ಯೂಟ್ಯೂಬಿನ ಎಷ್ಟೋ ಪಾಠಗಳು, ಕೆಲವು ಆ್ಯಪ್‌ಗಳು ಇಂದು ಉಚಿತ. ನಾಳೆ ಅದರ ಮಾಲೀಕರು ತೆಗೆದರೆ ನಮ್ಮ ಕೈಯಲ್ಲಿ ಏನೂ ಉಳಿಯುವುದಿಲ್ಲ.

ಸರಿ, ಕೊಡೋಣ ಎಂದು ನಿಶ್ಚಯವಾಯಿತು. ಕೊಡಲು ಕುಳಿತಾಗ ಗೊತ್ತಾಯಿತು, ಮನಸ್ಸು ತೆರೆದರೆ ಸಾಲದು, ಲೆಕ್ಕವೂ ಸರಿಯಿರಬೇಕು.

ನಮ್ಮಲ್ಲಿ ಅನೇಕರು ತಿಳಿದಿರುವುದೇನು? ವಾಟ್ಸಾಪ್ ಗುಂಪಿಗೆ ಹಾಕಿದ ಮೇಲೆ ಅದು ಎಲ್ಲರದು ಎಂದು. ಕಾನೂನು ಹಾಗೆ ಹೇಳುವುದಿಲ್ಲ. ನಮ್ಮ 1957ರ ಹಕ್ಕುಸ್ವಾಮ್ಯ ಕಾಯ್ದೆಯ ಪ್ರಕಾರ ಒಬ್ಬರು ಬರೆದ ಕೂಡಲೇ, ಬಿಡಿಸಿದ ಕೂಡಲೇ ಅದರ ಹಕ್ಕು ಅವರದಾಗುತ್ತದೆ. ನೋಂದಣಿ ಬೇಕಿಲ್ಲ, ವೃತ್ತದೊಳಗಿನ ‘ಸಿ’ ಗುರುತೂ ಬೇಕಿಲ್ಲ. ಬರಹಗಾರರು ತೀರಿಕೊಂಡು 60 ವರ್ಷದವರೆಗೆ ಆ ಹಕ್ಕು ನಡೆಯುತ್ತದೆ. ತರಗತಿಯೊಳಗೆ ಪಾಠಕ್ಕಾಗಿ ಬಳಸಲು ಕಾನೂನಿನಲ್ಲಿ ಒಂದಷ್ಟು ವಿನಾಯಿತಿ ಇದೆ. ಪುಸ್ತಕ ಮಾಡಿ ಊರೂರಿಗೆ ಹಂಚುವುದು ಬೇರೆ ಮಾತು.

ಈ ಕಣ್ಣಿನಿಂದ ನಮ್ಮ 32 ಪಾಠಗಳನ್ನು ನೋಡಿದರೆ ಹನ್ನೊಂದು ಪುಟಗಳು ನಮ್ಮವಾಗಿರಲೇ ಇಲ್ಲ! ಆನೆಯ ಚಿತ್ರ ಗೂಗಲ್‌ನಲ್ಲಿ ಸಿಕ್ಕಿದ್ದು. ಒಂದು ಪದ್ಯ ಇಂದಿಗೂ ಬರೆಯುತ್ತಿರುವ ಕವಿಯೊಬ್ಬರದು. ಇನ್ನೊಂದು ಸಿನಿಮಾ ಹಾಡು. ಬೇರೆಯವರ ಹಿತ್ತಲಿನ ಹೂ ಕಿತ್ತು ನಾವು ದಾನ ಮಾಡಲು ಹೊರಟಿದ್ದೆವು. ಆ ಪುಟಗಳನ್ನೆಲ್ಲ ತೆಗೆದೆವು. ನಮ್ಮ ತರಗತಿಯ ದೊಡ್ಡ ಮಕ್ಕಳು ಆನೆ, ಇಲಿ, ಏಣಿ ಬಿಡಿಸಿಕೊಟ್ಟರು. ಚಿತ್ರ ಅಷ್ಟೇನೂ ಚೆನ್ನಾಗಿಲ್ಲ, ಆನೆಗೆ ಕತ್ತೆಯ ಕಿವಿ ಬಂದಿದೆ. ಆದರೆ ಅದು ನಮ್ಮದು, ಕೊಡಬಹುದು.

ಕಥೆಗಳಿಗೆ ನಾವು ಹೋದದ್ದು ಸ್ಟೋರಿವೀವರ್‌ಗೆ. ಬೆಂಗಳೂರಿನ ಪ್ರಥಮ್ ಬುಕ್ಸ್ 2015ರಲ್ಲಿ ಶುರು ಮಾಡಿದ ಈ ತಾಣದಲ್ಲಿ ಮಕ್ಕಳ ಚಿತ್ರಕಥೆಗಳಿವೆ, ಕನ್ನಡದವೂ ಇವೆ. ಬರೆದವರ, ಬಿಡಿಸಿದವರ ಹೆಸರು ಹೇಳಿದರೆ ಸಾಕು, ಅನುವಾದಿಸಬಹುದು, ಸುಲಭಗೊಳಿಸಬಹುದು, ಅಚ್ಚು ಹಾಕಿಸಬಹುದು. ನಮ್ಮ ಗುಂಪಿನ ಒಬ್ಬ ತಾಯಿ ತಮ್ಮ ಮಗಳಿಗೆ ಓದಿ ಹೇಳಲೆಂದು ತೆಲುಗಿನ ಕಥೆಯೊಂದನ್ನು ಕನ್ನಡಕ್ಕೆ ತಂದರು. ಯಾರ ಬಳಿಯೂ ಅನುಮತಿ ಕೇಳಿ ಕಾಯಬೇಕಾಗಲಿಲ್ಲ, ಏಕೆಂದರೆ ಅನುಮತಿ ಮೊದಲೇ ಪುಸ್ತಕದ ಮೇಲೆ ಬರೆದಿತ್ತು. ಉತ್ತರ ಬಾರದ ಮೂರು ಪತ್ರ ನೆನೆದು ನನಗೆ ಇದರ ಬೆಲೆ ತಿಳಿಯಿತು.

ಹೀಗೆ ಮೊದಲೇ ಅನುಮತಿ ಬರೆದಿಡುವ ವ್ಯವಸ್ಥೆಯೇ ಕ್ರಿಯೇಟಿವ್ ಕಾಮನ್ಸ್. 2002ರಲ್ಲಿ ಇದರ ಮೊದಲ ಪರವಾನಗಿಗಳು ಬಂದವು. ವಕೀಲರ ಭಾಷೆ ಬಿಟ್ಟರೆ ಇದರಲ್ಲಿ ನಾಲ್ಕೇ ಷರತ್ತುಗಳು. ಒಂದು, ನಮ್ಮ ಹೆಸರು ಹೇಳಿ. ಎರಡು, ಬದಲಿಸಿ ಹಂಚುವುದಾದರೆ ನೀವೂ ಇದೇ ಷರತ್ತಿನಲ್ಲಿ ಬೇರೆಯವರಿಗೆ ಬಿಟ್ಟುಕೊಡಿ. ಮೂರು, ಲಾಭಕ್ಕೆ ಬಳಸಬೇಡಿ. ನಾಲ್ಕು, ಬದಲಿಸಿದ್ದನ್ನು ಹಂಚಬೇಡಿ. ಮೊದಲನೆಯದು ಈ ಎಲ್ಲ ಪರವಾನಗಿಗಳಲ್ಲೂ ಇರುತ್ತದೆ, ಉಳಿದವನ್ನು ಬೇಕಿದ್ದರೆ ಸೇರಿಸಬಹುದು. ನಾಲ್ಕನೆಯದನ್ನು ಹಾಕಿದರೆ ಹೆಪ್ಪಿನ ಗುಣವೇ ಹೋಯಿತು.

ಮೂರನೆಯದರ ಬಗ್ಗೆ ನಮ್ಮಲ್ಲಿ ಜಗಳವೇ ಆಯಿತು ಎನ್ನಬೇಕು. “ಯಾರಾದರೂ ನಮ್ಮದನ್ನು ಮಾರಿಕೊಂಡರೆ?” ಎಂದು ಒಬ್ಬರು. ನ್ಯಾಯವಾದ ಪ್ರಶ್ನೆ. ಆದರೆ ಪುಣೆಯವರು ಜೆರಾಕ್ಸ್ ಖರ್ಚಿಗೆ ಮಕ್ಕಳಿಂದ ನೂರು ರೂಪಾಯಿ ತೆಗೆದುಕೊಂಡರೆ ಅದು ಲಾಭವೇ? ಸಣ್ಣ ಊರಿನ ಅಂಗಡಿಯವನು ಅಚ್ಚು ಹಾಕಿ ಮೂವತ್ತು ರೂಪಾಯಿಗೆ ಮಾರಿದರೆ? ಆ ಅನುಮಾನದಲ್ಲೇ ಎಷ್ಟೋ ಜನ ಬಳಸದೆ ಬಿಡುತ್ತಾರೆ. ಕೊನೆಗೆ ನಾವು ಮೊದಲ ಎರಡು ಷರತ್ತುಗಳನ್ನು ಮಾತ್ರ ಇಟ್ಟುಕೊಂಡೆವು. ವಿಕಿಪೀಡಿಯ ಬಳಸುವುದೂ ಅದನ್ನೇ. ಮಾರುವವನು ಮಾರಲಿ, ಅವನು ತಿದ್ದಿದ ಪಾಠವನ್ನು ಎತ್ತಿಕೊಳ್ಳುವ ಹಕ್ಕು ನಮಗೂ ಇರುತ್ತದಲ್ಲ.

ಕನ್ನಡದಲ್ಲಿ ಈ ದಾರಿ ನಮಗಿಂತ ಮೊದಲೇ ತುಳಿದವರಿದ್ದಾರೆ. ಕನ್ನಡ ವಿಕಿಪೀಡಿಯ 2003ರಿಂದ ಇದೆ. ಮೈಸೂರು ವಿಶ್ವವಿದ್ಯಾನಿಲಯ ತನ್ನ 14 ಸಂಪುಟಗಳ ಕನ್ನಡ ವಿಶ್ವಕೋಶದಲ್ಲಿ 6 ಸಂಪುಟಗಳನ್ನು 2014ರಲ್ಲಿ ಕ್ರಿಯೇಟಿವ್ ಕಾಮನ್ಸ್ ಅಡಿಯಲ್ಲಿ ಬಿಟ್ಟುಕೊಟ್ಟಿತು. ಕರ್ನಾಟಕದ ಸರ್ಕಾರಿ ಶಾಲೆಗಳ ಶಿಕ್ಷಕರು ಬರೆದು ಬೆಳೆಸಿದ ‘ಕರ್ನಾಟಕ ಮುಕ್ತ ಶೈಕ್ಷಣಿಕ ಸಂಪನ್ಮೂಲ’ ಎಂಬ ತಾಣವಿದೆ. ಇನ್ನು ಅವಧಿ ಮುಗಿದು ಎಲ್ಲರದಾದ ಬರಹಗಳು ಬೇರೆ. ಕೊಡಗಿನ ಗೌರಮ್ಮ ತೀರಿಕೊಂಡದ್ದು 1939ರಲ್ಲಿ, ಅವರ ಕಥೆಗಳು ಬಹಳ ಹಿಂದೆಯೇ ಸಾರ್ವಜನಿಕ ಸ್ವತ್ತಾದವು. ತ್ರಿವೇಣಿಯವರು ತೀರಿಕೊಂಡದ್ದು 1963ರಲ್ಲಿ. ಅವರು ಬದುಕಿದ್ದಾಗ ಪ್ರಕಟವಾದ ಕಾದಂಬರಿಗಳು 2024ರ ಜನವರಿ 1ರಿಂದ ನಮ್ಮೆಲ್ಲರವು. ನಮ್ಮ ಇ-ಸಂಚಿಕೆಯಲ್ಲಿ ಅವನ್ನು ಧಾರಾವಾಹಿಯಾಗಿ ಹಾಕಬಹುದು, ಓದಿ ಆಡಿಯೋ ಮಾಡಬಹುದು, ಹೈದರಾಬಾದಿನ ಗೆಳತಿಯರಿಗಾಗಿ ತೆಲುಗಿಗೆ ತರಬಹುದು. ಯಾರೂ ಬೇಡವೆನ್ನುವುದಿಲ್ಲ. ಮಾಡುವ ಕೈ ಬೇಕು ಅಷ್ಟೇ.

ಮತ್ತೆ ಪುಣೆಗೆ ಬರುತ್ತೇನೆ. ಮೂರು ತಿಂಗಳ ಮೇಲೆ ಅವರು ತಿದ್ದಿದ ಪುಸ್ತಕ ಬಂತು. ನೋಡಿ ಬೆರಗಾದೆ. ಮರಾಠಿಯಲ್ಲಿ ಎ-ಏ, ಒ-ಓ ಎಂಬ ಹ್ರಸ್ವ, ದೀರ್ಘದ ಭೇದಕ್ಕೆ ಬೇರೆ ಬೇರೆ ಅಕ್ಷರಗಳಿಲ್ಲ. ತೆಲುಗಿನಲ್ಲಿವೆ. ಆದ್ದರಿಂದ ನಾವು ಆ ಭಾಗವನ್ನು ಎರಡೇ ಸಾಲಿನಲ್ಲಿ ಮುಗಿಸಿದ್ದೆವು. ಅವರ ಮಕ್ಕಳಿಗೆ ಎದ್ದು ಕಾಣುವ ತೊಡಕು ಅದೇ. ‘ಕೆರೆ’ಯನ್ನು ‘ಕೇರೇ’ ಎಂದು ಓದುತ್ತಾರೆ. ಅದಕ್ಕೆಂದೇ ಅವರು ನಾಲ್ಕು ಹೊಸ ಪಾಠ ಸೇರಿಸಿದ್ದರು. ನಮ್ಮ ತರಗತಿಗೆ ಈಗ ಉತ್ತರ ಭಾರತದಲ್ಲಿ ಬೆಳೆದು ಬಂದ, ಹಿಂದಿ ಮಾತ್ರ ಓದಬಲ್ಲ ಇಬ್ಬರು ಮಕ್ಕಳು ಬರುತ್ತಿದ್ದಾರೆ. ಅವರಿಗೆ ನಾವು ಕಲಿಸುತ್ತಿರುವುದು ಪುಣೆಯವರ ಆ ನಾಲ್ಕು ಪಾಠಗಳಿಂದಲೇ. ಕೊಟ್ಟ ಹೆಪ್ಪು ಮನೆಗೆ ವಾಪಸ್ಸು ಬಂತು. ಜೊತೆಗೆ ನಮ್ಮ ಹತ್ತೊಂಬತ್ತನೇ ಪಾಠದಲ್ಲಿದ್ದ ಎರಡು ಮಹಾಪ್ರಾಣದ ತಪ್ಪುಗಳನ್ನೂ ಅವರು ಹುಡುಕಿದ್ದರು. ‘ಹಾಳು ಮಾಡಿಬಿಟ್ಟರೆ’ ಎಂದಿದ್ದವಳು ನಾನು, ನೆನಪಿರಲಿ.

ಒಂದು ಕೊರತೆಯೂ ಇತ್ತು. ಆ ಪುಸ್ತಕದ ಮೊದಲ ಪುಟದಲ್ಲಿ ‘ಸಂಗ್ರಹ’ ಎಂದಷ್ಟೇ ಇತ್ತು, ನಮ್ಮ ಐವರ ಹೆಸರಿರಲಿಲ್ಲ. ಬೇಕೆಂದು ಮಾಡಿದ್ದಲ್ಲ. ಫೋನ್ ಮಾಡಿದಾಗ ಅವರಿಗೇ ಸಂಕೋಚವಾಗಿ ಎರಡೇ ದಿನದಲ್ಲಿ ಸೇರಿಸಿದರು. ಆದರೆ ಫೋನ್ ಮಾಡಬೇಕೇ ಬೇಡವೇ ಎಂದು ನಾವು ಒಂದು ವಾರ ಯೋಚಿಸಿದೆವು. “ಹೋಗಲಿ ಬಿಡಿ, ಹೆಸರಿಗಾಗಿ ಮಾಡಿದ್ದೇ?” ಎಂದರು ಒಬ್ಬರು.

ಇಲ್ಲಿ ನಾವು ಹೆಂಗಸರು ಸ್ವಲ್ಪ ನಿಂತು ಯೋಚಿಸಬೇಕು. ಕೊಡುವುದು ನಮಗೆ ಯಾರೂ ಕಲಿಸಬೇಕಾಗಿಲ್ಲ. ಸಾರಿನಪುಡಿಯ ಅಳತೆ, ಬಾಣಂತಿಯ ಆರೈಕೆ, ಬೀಸುವಾಗಿನ ಪದ, ಸೋಬಾನೆ, ರಂಗೋಲಿಯ ಚುಕ್ಕಿ ಲೆಕ್ಕ ಎಲ್ಲವನ್ನೂ ನಮ್ಮ ಅಜ್ಜಿಯರು ಕೇಳಿದವರಿಗೆಲ್ಲ ಕೊಟ್ಟರು. ಅವರಿಗಿಂತ ದೊಡ್ಡ ಮುಕ್ತ ವಿಶ್ವವಿದ್ಯಾಲಯ ಯಾವುದು? ಆದರೆ ಎಷ್ಟೋ ಹಾಡುಗಳು ಹಾಡಿದವಳ ಹೆಸರಿಲ್ಲದೆ ಉಳಿದವು. ಕೊಟ್ಟವಳು ಮರೆಯಾದಳು. ಮುಕ್ತ ಎಂದರೆ ಅನಾಮಧೇಯ ಎಂದಲ್ಲ. ಕ್ರಿಯೇಟಿವ್ ಕಾಮನ್ಸ್‌ನ ಮೊದಲ ಷರತ್ತೇ ಹೆಸರು. ಹೆಸರು ಕೇಳುವುದು ಅಹಂಕಾರವಲ್ಲ. ಯಾರು ಮಾಡಿದ್ದು ಎಂದು ತಿಳಿದರೆ ತಾನೇ ತಪ್ಪಿದ್ದಾಗ ಯಾರನ್ನು ಕೇಳಬೇಕೆಂದು ಗೊತ್ತಾಗುವುದು, ಮುಂದಿನ ಹುಡುಗಿಗೆ ನಾನೂ ಮಾಡಬಹುದು ಎನ್ನಿಸುವುದು?

ಹಾಗೆಯೇ, ಎಲ್ಲವನ್ನೂ ತೆರೆದಿಡಬೇಕು ಎಂದೂ ಇಲ್ಲ. ಮಕ್ಕಳು ಪಾಠ ಓದಿದ ಧ್ವನಿಮುದ್ರಣಗಳನ್ನು ನಾವು ಉತ್ಸಾಹದಲ್ಲಿ ಎಲ್ಲರಿಗೂ ತೆರೆಯುವ ಕೊಂಡಿಯಲ್ಲಿ ಇಟ್ಟಿದ್ದೆವು. ಒಬ್ಬ ತಾಯಿ, “ನನ್ನ ಮಗಳ ಧ್ವನಿ, ಹೆಸರು ಎಲ್ಲ ಕಡೆ ಹೋಗೋದು ನನಗೆ ಬೇಡ” ಎಂದರು. ಅವರು ಹೇಳಿದ್ದು ಸರಿ. ತಕ್ಷಣ ತೆಗೆದೆವು. ಈ ಪರವಾನಗಿಗಳನ್ನು ಒಮ್ಮೆ ಕೊಟ್ಟರೆ ಹಿಂದಕ್ಕೆ ಪಡೆಯಲು ಬರುವುದಿಲ್ಲ. ಆದ್ದರಿಂದ ಕೊಡುವವರು ತಿಳಿದು, ಒಪ್ಪಿ ಕೊಡಬೇಕು. ಒಪ್ಪಿಗೆ ಇಲ್ಲದೆ ತೆರೆದದ್ದು ಮುಕ್ತವಲ್ಲ, ಬಯಲು ಮಾಡಿದ್ದು.

ಕೊನೆಯದಾಗಿ ನನ್ನ ವೃತ್ತಿಯ ಒಂದು ಮಾತು. ಪರವಾನಗಿ ಮುಕ್ತವಾಗಿದ್ದು ಫೈಲ್ ಮುಚ್ಚಿಕೊಂಡಿದ್ದರೆ ಪ್ರಯೋಜನವಿಲ್ಲ. ನಮ್ಮ ಹಳೆಯ ಸ್ಮರಣ ಸಂಚಿಕೆಗಳನ್ನು ಯೂನಿಕೋಡ್ ಅಲ್ಲದ ಹಳೆಯ ಫಾಂಟುಗಳಲ್ಲಿ ಮಾಡಿದ್ದೇವೆ. ಅದರಿಂದ ಒಂದು ಸಾಲು ಕಾಪಿ ಮಾಡಿದರೆ ಅಕ್ಷರದ ಬದಲು ಚಿತ್ರವಿಚಿತ್ರ ಗುರುತುಗಳು ಬರುತ್ತವೆ. ಗೂಗಲ್‌ನಲ್ಲಿ ಹುಡುಕಿದರೆ ಸಿಗುವುದಿಲ್ಲ. ಕಣ್ಣು ಕಾಣದವರ ಫೋನ್ ಅದನ್ನು ಓದಿ ಹೇಳಲಾರದು. ಅದರಲ್ಲಿ ನಮ್ಮ ಹಿರಿಯ ಸದಸ್ಯೆಯರು ಬರೆದ ವಲಸೆಯ ನೆನಪುಗಳಿವೆ, ಈ ಊರಿಗೆ ಬಂದು ಮನೆ ಕಟ್ಟಿದ ಕಥೆಗಳಿವೆ. ಬೀಗ ಹಾಕಿದವರು ಯಾರೂ ಇಲ್ಲ, ಆದರೂ ಒಳಗೆ ಹೋಗಲು ಆಗುತ್ತಿಲ್ಲ.

ಅದಕ್ಕೆ ನನ್ನ ಬೇಡಿಕೆ ಚಿಕ್ಕದು. ಈ ವರ್ಷದಿಂದ ಇ-ಸಂಚಿಕೆಯನ್ನು ಯೂನಿಕೋಡ್‌ನಲ್ಲೇ ತರೋಣ. ಲೇಖನ ಕಳಿಸುವಾಗ ಬರೆದವರನ್ನೇ ಕೇಳೋಣ: ಹಂಚಬಹುದೇ, ತಿದ್ದಬಹುದೇ, ಬೇಡವೇ? ಬೇಡವೆಂದವರ ಮಾತಿಗೆ ಮರ್ಯಾದೆ ಕೊಡೋಣ. ಹಳೆಯ ಸಂಚಿಕೆಗಳನ್ನು ಬರೆದವರ ಅಥವಾ ಅವರ ಮನೆಯವರ ಒಪ್ಪಿಗೆ ಪಡೆದು, ತಿಂಗಳಿಗೆ ಹತ್ತು ಪುಟದಂತೆ ಟೈಪ್ ಮಾಡೋಣ. ಟೈಪಿಂಗ್ ಬಾರದವರು ಓದಿ ಹೇಳಿ, ಫೋನ್ ಬರೆದುಕೊಳ್ಳುತ್ತದೆ, ತಪ್ಪು ತಿದ್ದುವ ಕೆಲಸ ನಾನು ಮಾಡುತ್ತೇನೆ.

ನನ್ನಿಂದಲೇ ಶುರುವಾಗಲಿ. ಇವತ್ತಿನ ಈ ಮಾತುಗಳನ್ನು ನಮ್ಮ ಪಾಠಗಳ ಷರತ್ತಿನಲ್ಲೇ ಬಿಟ್ಟುಕೊಡುತ್ತಿದ್ದೇನೆ. ಬೇಕಾದವರು ತೆಗೆದುಕೊಳ್ಳಿ, ತಪ್ಪಿದ್ದರೆ ತಿದ್ದಿ, ನನ್ನ ಹೆಸರು ಹೇಳಿ, ಮುಂದಿನವರಿಗೂ ಹಾಗೆಯೇ ಕೊಡಿ. ಮೊಸರನ್ನದ ಮಾತನ್ನು ಇಲ್ಲಿ ಹೇಳಲು ಮೇಷ್ಟ್ರಮ್ಮನವರ ಒಪ್ಪಿಗೆ ಕೇಳಿಯೇ ಬಂದಿದ್ದೇನೆ. ಹೆಸರು ಹಾಕಲಾ ಎಂದರೆ, “ಅದು ನಮ್ಮಮ್ಮ ಹೇಳ್ತಿದ್ದ ಮಾತು ಕಣಮ್ಮಾ” ಎಂದರು.